ಅಧ್ಯಕ್ಷೆಯ ಮನೆಯ ಕೊಪ್ಪರಿಗೆ

ಅಲ್ ಖೌದ್
ಸೋಮವಾರ, 11 ನವೆಂಬರ್ 1991

ಪ್ರೀತಿಯ ದೇಜಪ್ಪನವರಿಗೆ,

ನನ್ನನ್ನು ಒಂದು ಮಾತು ಕೇಳದೆ ನೀವು ನನ್ನನ್ನು ಬಳಗದ ಅಧ್ಯಕ್ಷೆ ಮಾಡಿದಿರಿ. ಅದು ತಪ್ಪು. ಆ ಅಧ್ಯಕ್ಷತೆಯನ್ನು ನಾನು ನಿಜವೆಂದು ನಂಬಿದ ದಿನ ಸೂಟ್‌ಕೇಸ್ ಹಿಡಿದು ಘಾಲಾದ ಕಾರ್ಮಿಕರ ಕ್ಯಾಂಪಿಗೆ ಹೊರಟುಹೋದಿರಿ. ಅದು ಅದಕ್ಕಿಂತ ದೊಡ್ಡ ತಪ್ಪು. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ಸಮಾಧಾನದಿಂದ ಬರೆಯಬಹುದೆಂದು ತೋರಿತು.

ಹೆಸರು ಹಿಡಿದು ಬರೆದದ್ದಕ್ಕೆ ಕೋಪಿಸಬೇಡಿ. ಊರಿನಿಂದ ಬರೆಯುತ್ತಿದ್ದಾಗಲೆಲ್ಲ ‘ಇವರಿಗೆ’ ಎಂದಷ್ಟೇ ಬರೆಯುತ್ತಿದ್ದೆ. ಈಗ ಹಾಗೆ ಬರೆದರೆ ಯಾರಿಗೆ ಎಂದು ನನಗೇ ಅನುಮಾನ ಬರುತ್ತದೆ. ಟಪಾಲಿಗೆ ಹಾಕಿದರೆ ನಿಮ್ಮ ಕಂಪೆನಿಯ ಪೋಸ್ಟ್ ಬಾಕ್ಸಿಗೆ ಹೋಗಿ ಮ್ಯಾನೇಜರರ ಮೇಜಿನ ಮೇಲೆ ಬೀಳುತ್ತದೆ. ಆದ್ದರಿಂದ ಮಮ್ಮದ್ ಬ್ಯಾರಿಯ ತರಕಾರಿ ವ್ಯಾನಿನಲ್ಲಿ ಕಳುಹಿಸುತ್ತಿದ್ದೇನೆ. ಅದೇ ಬಾಕ್ಸಿಗೆ ನನ್ನ ಅಮ್ಮನ ಕಾಗದವೂ ಬಂದಿರಬಹುದು. ಬಂದಿದ್ದರೆ ಬ್ಯಾರಿಯ ಕೈಯಲ್ಲೇ ಕೊಟ್ಟು ಕಳುಹಿಸಿ. ನೀವು ಹೋದ ಮೇಲೆ ಈ ಮನೆಗೆ ಯಾರ ಅಕ್ಷರವೂ ಬಂದಿಲ್ಲ.

ಆ ದಿನದ್ದು ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ನೆನಪಿದೆ. ಮವಾಲೇಹ್ ತರಕಾರಿ ಮಾರುಕಟ್ಟೆಯ ಹಿಂದಿನ ಹಾಲಿನಲ್ಲಿ ನಮ್ಮ ಊರಕಡೆಯವರ ಪಡುಕರೆ ಬಳಗದ ಮಹಾಸಭೆ. ಒಳಗೆ ನೀವೆಲ್ಲ ಅಧ್ಯಕ್ಷರ ಕುರ್ಚಿಗಾಗಿ ಎರಡು ಪಂಗಡವಾಗಿ ಕಿತ್ತಾಡುತ್ತಿದ್ದಿರಿ. ನಾನು ಹಿತ್ತಲಿನ ಅಡುಗೆ ಶೆಡ್ಡಿನಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಪಕ್ಕದಲ್ಲಿ ಕ್ಯಾಂಪಿನ ಅಂಗಾರ ತೆಂಗಿನಕಾಯಿ ತುರಿಯುತ್ತಿದ್ದ. ಇದ್ದಕ್ಕಿದ್ದಂತೆ ಚಪ್ಪಾಳೆ ಕೇಳಿಸಿತು. ನೀವು ಬಾಗಿಲಲ್ಲಿ ನಿಂತು ನಗುತ್ತಾ, “ಈ ವರ್ಷಕ್ಕೆ ನೀನೇ ಅಧ್ಯಕ್ಷೆ. ಎರಡು ಕಡೆಯವ್ರೂ ಒಪ್ಪಿದ್ರು. ಬರೀ ಹೆಸರಿಗೆ ಮಾರಾಯ್ತಿ, ಕೆಲಸ ಎಲ್ಲ ನಾನು ನೋಡಿಕೊಳ್ತೇನೆ” ಅಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿಬಿಟ್ಟಿರಿ. ಅಂಗಾರನೇ ಮೊದಲು ಮಾತಾಡಿದ್ದು. “ಅಧ್ಯಕ್ಷರೇ, ಸೌತೆಕಾಯಿ ಬೇಗ ಬೇಗ ಆಗ್ಲಿ, ಪಂಕ್ತಿ ಕೂತಾಯ್ತು” ಅಂದ.

ನಾನು ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ನನ್ನ ಕರಪತ್ರಗಳನ್ನು ಕಂಡರೆ ನಿಮಗೆ ಮೊದಲಿನಿಂದಲೂ ತಮಾಷೆ. “ಉಪ್ಪಿನಕಾಯಿ ತರುವ ಜಾಗದಲ್ಲಿ ಕಾಗದ ತಂದಿದ್ದಾಳೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದಿರಿ. ಅಮ್ಮನೂ ಅಕ್ಕಪಕ್ಕದವರೂ ಬೀಡಿ ಕಟ್ಟುವಾಗ, ಯೂನಿಯನಿನವರು ಹಂಚಿಹೋದ ಆ ಪಿನ್ನು ಹೊಡೆದ ಪುಸ್ತಿಕೆಗಳನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸವಾಗಿತ್ತು. ಶಾಲೆ ನನಗೆ ಹತ್ತನೇ ಕ್ಲಾಸಿಗೆ ಮುಗಿಯಿತು, ಅವು ಮುಗಿಯಲಿಲ್ಲ. ಅಧ್ಯಕ್ಷೆ ಆದ ವಾರ ಅವನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಮತ್ತೆ ಓದಿದೆ. ಹೇಗೆ ಒಟ್ಟು ಸೇರಬೇಕು, ಏನು ಕೇಳಬೇಕು, ಕೊಡದಿದ್ದರೆ ಏನು ಮಾಡಬೇಕು, ಎಲ್ಲ ಇದೆ. ಕೊಟ್ಟುಬಿಟ್ಟರೆ ಮಾರನೆಯ ಬೆಳಿಗ್ಗೆ ಏನು ಮಾಡಬೇಕೆಂದು ಒಂದರಲ್ಲೂ ಇಲ್ಲ. ಅದನ್ನು ನಿಮ್ಮನ್ನೇ ಕೇಳೋಣವೆಂದು ಊಟಕ್ಕೆ ಕೂತಾಗ ಮಾತು ತೆಗೆದೆ.

ನಾನು ಕೇಳಿದ್ದು ಇಷ್ಟೇ. ಕ್ಯಾಂಪಿನ ಹುಡುಗರು ಚಾಪೆ ಹಾಸುತ್ತಾರೆ, ಕುರ್ಚಿ ಜೋಡಿಸುತ್ತಾರೆ, ಬೇಯಿಸುತ್ತಾರೆ, ಬಡಿಸುತ್ತಾರೆ, ಕೊನೆಗೆ ಉಳಿದದ್ದನ್ನು ನಿಂತು ತಿನ್ನುತ್ತಾರೆ. ಅವರಿಗೆ ಯಾಕೆ ಸದಸ್ಯತ್ವ ಇಲ್ಲ? ಊರಿನಲ್ಲಿ ಹೆಂಡತಿ ಮಕ್ಕಳಿರುವ ಅಂಗಾರ ಇಲ್ಲಿ ಬ್ಯಾಚುಲರ್ ಹೇಗೆ ಆಗುತ್ತಾನೆ? ಫ್ಯಾಮಿಲಿ ವೀಸಾ ಸಿಗುವಷ್ಟು ಸಂಬಳ ಇಲ್ಲದ್ದು ಅವನ ತಪ್ಪೇ? ಅಧಿಕಾರ ವಹಿಸಿಕೊಂಡ ದಿನವೇ, ಸಂಸಾರ ಜೊತೆಗಿಲ್ಲದವರು ಸದಸ್ಯರಲ್ಲ ಎಂಬ ಆ ನಿಯಮ ತೆಗೆಯುತ್ತೇನೆ ಅಂದೆ.

ನೀವು ಮೊದಲು ನಕ್ಕಿರಿ. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ, “ನಿನ್ನ ಬೀಡಿ ಬ್ರಾಂಚಿನ ಭಾಷಣ ಇಲ್ಲಿ ಬೇಡ. ಇದು ಮಂಗಳೂರು ಅಲ್ಲ, ಅರಬಿಯ ದೇಶ. ಕೆಲಸದವ್ರನ್ನು ಗುಂಪು ಕಟ್ಟಿಸ್ತಾಳೆ ಅಂತ ನಾಳೆ ನನಗೆ ವೀಸಾ ಕೊಟ್ಟ ಕಫೀಲ್ ಕಿವಿಗೆ ಬಿದ್ರೆ ಎಂತ ಹೇಳುದು?” ಅಂದಿರಿ. ಆ ಹೆದರಿಕೆ ಸುಳ್ಳೆಂದು ನಾನು ಈಗಲೂ ಹೇಳುವುದಿಲ್ಲ. ಆದರೆ ನಾನು ಕೇಳಿದ್ದು ಊಟದ ಪಂಕ್ತಿಯಲ್ಲಿ ಒಂದು ಜಾಗ, ಸಭೆಯಲ್ಲಿ ಒಂದು ಕೈ ಎತ್ತುವ ಹಕ್ಕು. ಅದಕ್ಕೆ ಯಾವ ಕಫೀಲ್ ಬರುತ್ತಾನೆ? ನಾನು ಇನ್ನೊಂದು ಮಾತೂ ಆಡಿದೆ. ನೀವೇ ವರ್ಷಗಟ್ಟಲೆ ಆ ಕ್ಯಾಂಪಿನಲ್ಲಿದ್ದು ಇದೇ ಬಳಗಕ್ಕೆ ಸಾರಿನ ಬಕೆಟು ಹೊತ್ತವರು, ನಾನು ಬಂದ ಮೇಲೆ ಕಾರ್ಯದರ್ಶಿಯಾಗಿ ಆ ನಿಯಮ ಬರೆದವರೂ ನೀವೇ, ಅಂದೆ. ಅಷ್ಟಕ್ಕೆ ನೀವು ಎದ್ದಿರಿ. “ನಿನಗೆ ಬುದ್ಧಿ ಬಂದ ಮೇಲೆ ಹೇಳಿ ಕಳಿಸು” ಎಂದು ಬಾಗಿಲು ಎಳೆದುಕೊಂಡಿರಿ.

ಹೇಳಿ ಕಳಿಸುವಂಥ ಬುದ್ಧಿ ಇನ್ನೂ ಬಂದಿಲ್ಲ. ಪಾತ್ರೆಗಳು ಬಂದಿವೆ.

ಹೊಸ ಅಧ್ಯಕ್ಷರ ಮನೆಗೆ ಬಳಗದ ಸಾಮಾನು ಸಾಗಿಸುವ ಪದ್ಧತಿ ನನಗೆ ಗೊತ್ತಿತ್ತು. ಅದು ಇಷ್ಟೊಂದು ಎಂದು ಗೊತ್ತಿರಲಿಲ್ಲ. ಮಮ್ಮದ್ ಬ್ಯಾರಿಯ ವ್ಯಾನಿನಲ್ಲಿ ಬಂತು: ಎತ್ತರದ ಕಂಚಿನ ದೀಪ, ಚಾಪೆಯ ಸುರುಳಿಗಳು, ಮೈಕ್ ಸೆಟ್ಟು, ಸೌಟು, ಬಕೆಟು, ಕೊನೆಗೆ ದೊಡ್ಡ ಕೊಪ್ಪರಿಗೆ. ಅಂಗಾರನೂ ಅವನ ಜೊತೆಗಾರನೂ ಅದನ್ನು ಮೆಟ್ಟಿಲಲ್ಲಿ ಹತ್ತಿಸುವಾಗ ಮಮ್ಮದ್ ಬ್ಯಾರಿ ಕೆಳಗಿನಿಂದ, “ಯಲ್ಲಾ ಯಲ್ಲಾ, ಗೋಡೆಗೆ ತಾಗಿಸ್ಬೇಡ, ಅದು ಅರಬಿಯ ಗೋಡೆ” ಎಂದು ಕೂಗುತ್ತಿದ್ದರು. ಕೊಪ್ಪರಿಗೆಯನ್ನು ನಮ್ಮ ಮನೆಯ ಹಾಲಿನ ನಡುವೆ ಇಟ್ಟುಹೋದರು. ಅದರಲ್ಲಿ ನಾನು ಕಾಲು ಮಡಚಿ ಕೂತುಕೊಳ್ಳಬಹುದು. ಅದರ ಪಕ್ಕದಲ್ಲೇ ನನ್ನ ಸ್ಟೌ. ಒಂದು ಹಿಡಿ ಅಕ್ಕಿ ಹಾಕಿ ಗಂಜಿ ಮಾಡುತ್ತೇನೆ. ಅದೂ ಉಳಿಯುತ್ತದೆ. ಇಲ್ಲಿಯ ರಾಷ್ಟ್ರೀಯ ದಿನಕ್ಕೆಂದು ರಸ್ತೆಯುದ್ದಕ್ಕೂ ಬಣ್ಣದ ಬಲ್ಬು ಕಟ್ಟಿದ್ದಾರೆ. ಸಂಜೆ ಅದರ ಬೆಳಕು ಕಿಟಕಿಯಿಂದ ಬಂದು ಕೊಪ್ಪರಿಗೆಯ ಹೊಟ್ಟೆಯ ಮೇಲೆ ಕೆಂಪಾಗಿ, ಹಸಿರಾಗಿ ಕೂರುತ್ತದೆ. ಮಾತಾಡಲು ಯಾರೂ ಇಲ್ಲದಾಗ ನಾನು ಅದರ ಕಡೆ ಮುಖ ಮಾಡಿ ಶುಕ್ರವಾರದ ಪದಗ್ರಹಣದ ಭಾಷಣ ಅಭ್ಯಾಸ ಮಾಡುತ್ತೇನೆ. ಅದು ನನ್ನ ಮಾತನ್ನು ನನಗೇ ತಿರುಗಿಸಿ ಹೇಳುತ್ತದೆ. ಬಹಳ ದಿನದಿಂದ ಈ ಮನೆಯಲ್ಲಿ ಕೇಳಿದ ಇನ್ನೊಂದು ದನಿ ಅದೇ.

ದಮಯಂತಿ ಅಕ್ಕ ಬಂದಿದ್ದರು. ಬ್ಯಾಂಕಿನವರ ಹೆಂಡತಿ ಎಂದು ಅವರು ಸಾಮಾನ್ಯವಾಗಿ ನಮ್ಮ ಮೆಟ್ಟಿಲು ಹತ್ತುವವರಲ್ಲ. ಪದಗ್ರಹಣಕ್ಕೆ ಯಾವ ಸೀರೆ, ಹೂವು ಎಲ್ಲಿಂದ, ಫೋಟೋದವನು ಯಾರು ಎಂದು ಎಲ್ಲ ಕೇಳಿದರು. “ದೇಜಪ್ಪಣ್ಣ ಭಾಷಣ ಬರ್ದು ಕೊಟ್ರಾ? ನೀನು ಹೆದರ್ಬೇಡ, ನೋಡಿ ಓದಿದ್ರಾಯ್ತು” ಅಂದರು. ಆಮೇಲೆ, “ಇದ್ದಾರಲ್ಲ, ಒಳಗೆ ಮಲಗಿದ್ದಾರಾ? ಬಾಗಿಲಲ್ಲಿ ಚಪ್ಪಲಿ ಕಂಡೆ” ಅಂದರು. ಕಂಪೆನಿಯ ಕೆಲಸಕ್ಕೆ ದೂರದ ಸೂರ್‌ಗೆ ಹೋಗಿದ್ದಾರೆ, ಬೂಟು ಹಾಕಿಕೊಂಡು ಹೋದರು, ಅಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಅದೇ ಸುಳ್ಳನ್ನು ಆಮೇಲೆ ಕೆಳಗಿನ ಅಂಗಡಿಯಲ್ಲೂ ಹೇಳಿದೆ, ಮಮ್ಮದ್ ಬ್ಯಾರಿಗೂ ಹೇಳಿದೆ.

ಎಡ್ಮಂಡ್ ಅಣ್ಣನ ಹತ್ತಿರ ಮಾತ್ರ ಆ ಸುಳ್ಳು ನಡೆಯಲಿಲ್ಲ. ಇಷ್ಟು ವರ್ಷ ಅಧ್ಯಕ್ಷರಾಗಿದ್ದವರು. ದೀಪದ ಬತ್ತಿ ಎಲ್ಲಿ ಸಿಗುತ್ತದೆ ಎಂಬುದರಿಂದ ಹಿಡಿದು ಯಾರನ್ನು ಯಾರ ಪಕ್ಕ ಕೂರಿಸಬಾರದು ಎಂಬುದರವರೆಗೆ ಎಲ್ಲ ಹೇಳಿಕೊಡಲು ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, “ವಾರಿಜಾ, ಸೂರ್‌ನಲ್ಲಿ ಅವನ ಕಂಪೆನಿಯ ಕೆಲಸವೇ ಇಲ್ಲ” ಅಂದರು. ಅವರು ಬೈಯಲಿಲ್ಲ. “ನಿಯಮ ನಿನಗೆ ಗೊತ್ತುಂಟಲ್ಲ. ಗಂಡ ಹೆಂಡತಿ ಒಟ್ಟಿಗಿರುವ ಮನೆಗೆ ಮಾತ್ರ ಸದಸ್ಯತ್ವ. ಅವ ಕ್ಯಾಂಪಿನಲ್ಲಿದ್ದಾನೆ ಅಂತ ಯಾರಾದ್ರೂ ಎದ್ದು ನಿಂತು ಹೇಳಿದ್ರೆ ಅವನೂ ಸದಸ್ಯ ಅಲ್ಲ, ನೀನೂ ಅಲ್ಲ. ಸದಸ್ಯೆಯೇ ಅಲ್ಲದವಳು ಅಧ್ಯಕ್ಷೆ ಹೇಗೆ? ಒಂದು ಸಂಜೆ ಮಟ್ಟಿಗೆ ಕರ್ಕೊಂಡು ಬಾ. ದೀಪದ ಹತ್ತಿರ ನಿನ್ನ ಪಕ್ಕ ನಿಂತ್ರೆ ಸಾಕು. ಮತ್ತೆ ನಿಮ್ಮ ಜಗಳ ನಿಮಗೆ” ಅಂದರು.

ನೀವು ಬರೆದ ನಿಯಮ ನಿಮ್ಮನ್ನೇ ಹೊರಗೆ ಹಾಕಿದೆ ನೋಡಿ. ಮೊದಲು ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಗೆದ್ದಂಥ ಖುಷಿ. ಕೊಪ್ಪರಿಗೆಯ ಮುಂದೆ ಕೂತು ಅದನ್ನೇ ಗಟ್ಟಿಯಾಗಿ ಹೇಳಿಕೊಂಡೆ. ದನಿ ತಿರುಗಿ ಬಂದಾಗ ಅಳು ಬಂತು. ಆ ನಿಯಮ ಹೊರಗೆ ಹಾಕಿದ್ದು ನಮ್ಮಿಬ್ಬರನ್ನೂ ಒಟ್ಟಿಗೇ ಅಲ್ಲವೇ.

ಎಡ್ಮಂಡ್ ಅಣ್ಣ ಹೇಳಿದಂತೆ ನಿಮ್ಮನ್ನು ಕರೆಯೋಣವೆಂದು ಒಂದು ಕಾಗದ ಬರೆದೂ ಇದ್ದೆ. “ಒಂದು ಸಂಜೆ ಬನ್ನಿ, ಸಾಕು” ಎಂದು. ಅದನ್ನು ಹರಿದು ಹಾಕಿದ್ದು ಅಂಗಾರನಿಂದಾಗಿ.

ಮೊನ್ನೆ ರಜೆಯ ದಿನ ಅವನು ಕೊಪ್ಪರಿಗೆ ಉಜ್ಜಲು ಬಂದಿದ್ದ. ಬಾಗಿಲು ಪೂರ್ತಿ ತೆರೆದಿಟ್ಟು, ಹುಣಸೆಹಣ್ಣು ಹಾಕಿ ಉಜ್ಜುತ್ತಾ, ತಲೆಯೆತ್ತದೆ ಹೇಳಿದ: “ಅಕ್ಕ, ಸೂರ್‌ಗೆ ಹೋದ ನಿಮ್ಮವ್ರು ನಿನ್ನೆ ನಮ್ಮ ರೂಮಿನಲ್ಲಿ ಮೀನುಸಾರು ಮಾಡಿದ್ರು. ಉಪ್ಪು ಎಷ್ಟು ಹಾಕಿದ್ರು ಅಂದ್ರೆ, ಸಮುದ್ರವೇ ಬಂದ ಹಾಗೆ.” ಚಹಾದ ಲೋಟ ಅವನ ಪಕ್ಕದಲ್ಲಿಟ್ಟೆ. ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದೆ. “ಕ್ಯಾಂಪಿನಲ್ಲಿ ಎಲ್ರಿಗೂ ಗೊತ್ತುಂಟು. ಬಳಗದವ್ರಿಗೆ ಹೇಗೆ ಗೊತ್ತಾಗುದು? ಅವ್ರು ನಮ್ಮ ಹತ್ರ ಮಾತಾಡಿದ್ರೆ ಅಲ್ವಾ?” ಅಂದ. ನಕ್ಕ ಕೂಡ.

ಕ್ಯಾಂಪಿನವರನ್ನೂ ಪಂಕ್ತಿಯಲ್ಲಿ ಕೂರಿಸುವ ನನ್ನ ಯೋಚನೆಯನ್ನು ಅವನಿಗೆ ಹೇಳಿದೆ. ಅವನು ಉಜ್ಜುವುದನ್ನು ನಿಲ್ಲಿಸಿ, “ಅದೆಲ್ಲ ಸರಿ ಅಕ್ಕ, ನಾವು ಕೂತ್ರೆ ಬಡಿಸುವವ್ರು ಯಾರು?” ಎಂದು ಕೇಳಿದ. ಕಮಿಟಿಯವರು ಬಡಿಸಲಿ ಅಂದೆ. “ದೇವ್ರೇ! ಕಮಿಟಿ ಬಡಿಸಿದ್ರೆ ಮೊದಲ ಸಾಲಿಗೇ ಸಾರು ಖಲಾಸ್” ಅಂದ. ಇಬ್ಬರೂ ನಕ್ಕೆವು. ಹೊರಡುವಾಗ ಮಾತ್ರ ಮೆಲ್ಲಗೆ ಹೇಳಿದ: “ಅಣ್ಣನಿಗೆ ನಮ್ಮಲ್ಲಿ ಎಲ್ಲಿ ಕೂತ್ಕೊಳ್ಳುದು ಅಂತ ಗೊತ್ತಾಗುದಿಲ್ಲ. ಊಟಕ್ಕೆ ಕರೆದ್ರೆ ನೀವು ಮೊದಲು ತಿನ್ನಿ ಅಂತಾರೆ. ಕೊನೆಗೆ ಒಬ್ರೇ ನಿಂತು ತಿಂತಾರೆ.”

ಅದನ್ನು ಕೇಳಿದ ಮೇಲೆ, ಒಂದು ಸಂಜೆ ಮಟ್ಟಿಗೆ ಬಂದು ನನ್ನ ಪಕ್ಕ ಗಂಡನ ಹಾಗೆ ನಿಲ್ಲಿ ಎಂದು ನಿಮಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ನನ್ನ ಕುರ್ಚಿಗಾಗಿ ನಿಮ್ಮನ್ನು ದೀಪದ ಪಕ್ಕದ ಗೊಂಬೆ ಮಾಡಿದರೆ, ಆ ದಿನ ಅಡುಗೆ ಶೆಡ್ಡಿನಲ್ಲಿ ನೀವು ನನಗೆ ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ.

ಆದ್ದರಿಂದ ನಾನು ಮಾಡುವುದು ಇದು. ಶುಕ್ರವಾರ ಸಂಜೆ ಸಭೆಯ ಹಾಲಿನಲ್ಲಿ ಕುರ್ಚಿ ಹಾಕಿಸುವುದಿಲ್ಲ. ಎಲ್ಲರಿಗೂ ಚಾಪೆ. ದೀಪ ಹಚ್ಚುವ ಮೊದಲೇ ಹೇಳುತ್ತೇನೆ: ನನ್ನ ಗಂಡ ಸೂರ್‌ನಲ್ಲಿಲ್ಲ, ಘಾಲಾದ ಕ್ಯಾಂಪಿನಲ್ಲಿದ್ದಾರೆ, ನಾನು ನಿಮಗೆಲ್ಲ ಸುಳ್ಳು ಹೇಳಿದೆ. ಈಗಿರುವ ನಿಯಮದ ಪ್ರಕಾರ ನಾನು ಯಾರೂ ಅಲ್ಲ. ನೀವೆಲ್ಲ ನಿಯಮ ಬದಲಿಸಿ ಒಬ್ಬೊಬ್ಬರನ್ನೂ ಸದಸ್ಯರೆಂದು ಒಪ್ಪಿದರೆ ದೀಪ ಹಚ್ಚುತ್ತೇನೆ. ಇಲ್ಲದಿದ್ದರೆ ಈ ಕೊಪ್ಪರಿಗೆ ಯಾರ ಮನೆಗೆ ಬೇಕೋ ಅಲ್ಲಿಗೆ ಹೋಗಲಿ. ಸಭೆಯವರು ನನ್ನನ್ನು ಕೂರಿಸಲೂಬಹುದು, ಎಬ್ಬಿಸಿ ಕಳುಹಿಸಲೂಬಹುದು. ದಮಯಂತಿ ಅಕ್ಕ ಆಮೇಲೆ ನನ್ನನ್ನು ಮಾತಾಡಿಸುವುದಿಲ್ಲವೆಂಬುದು ಮಾತ್ರ ಖಂಡಿತ.

ಹೆದರಿಕೆ ಇಲ್ಲವೆಂದು ತಿಳಿಯಬೇಡಿ. ನನ್ನ ವೀಸಾ ನಿಮ್ಮ ಹೆಸರಿನಲ್ಲಿದೆ. ಒಂದು ಸಹಿ ಹಾಕಿದರೆ ನನ್ನನ್ನು ಊರಿಗೆ ಕಳುಹಿಸಬಹುದು. ಅಮ್ಮನ ಮೊರದ ಪಕ್ಕ ಹೋಗಿ ಕೂತು ಬೀಡಿ ಕಟ್ಟುವುದನ್ನು ನನ್ನ ಬೆರಳುಗಳು ಇನ್ನೂ ಮರೆತಿಲ್ಲ. ಆದರೆ ನಾನು ಗಂಟುಮೂಟೆ ಕಟ್ಟಿಲ್ಲ. ನೀವು ಅಂಥವರಲ್ಲ ಎಂದು ನನಗೆ ಗೊತ್ತು. ಗೊತ್ತೆಂದು ಅಂದುಕೊಂಡಿದ್ದೇನೆ.

ಸಭೆ ಸಂಜೆ ಐದಕ್ಕೆ. ವೇದಿಕೆಯಲ್ಲಿ ನಿಮಗೆ ಜಾಗ ಇಟ್ಟಿಲ್ಲ. ಚಾಪೆಯಲ್ಲಿ ಎಲ್ಲಿ ಬೇಕಾದರೂ ಕೂರಬಹುದು. ನನ್ನ ವಿರುದ್ಧ ಕೈ ಎತ್ತಲು ಬಂದರೂ ಸರಿ, ಬಂದಿರೆಂದು ಸಂತೋಷಪಡುತ್ತೇನೆ.

ನಿಮ್ಮ
ವಾರಿಜಾಕ್ಷಿ

ಮರೆತಿದ್ದೆ: ದಮಯಂತಿ ಅಕ್ಕ ಕಂಡ ಚಪ್ಪಲಿ ನೀವು ಬಿಟ್ಟುಹೋದ ಜಾಗದಲ್ಲಿರಲಿಲ್ಲ. ನೀವು ಅದನ್ನು ಮಂಚದ ಕೆಳಗೆ ಬಿಟ್ಟಿದ್ದಿರಿ. ದಿನಾ ಬೆಳಿಗ್ಗೆ ನಾನೇ ಅದನ್ನು ಬಾಗಿಲ ಹೊರಗೆ ತಂದಿಡುತ್ತಿದ್ದೆ, ಸಂಜೆ ಒಳಗೆ ತರುತ್ತಿದ್ದೆ. ಊರವರು ನೋಡಲೆಂದು ಶುರು ಮಾಡಿದ್ದು. ಆಮೇಲೆ ತರಕಾರಿ ತಂದು ಮೆಟ್ಟಿಲು ಹತ್ತುವಾಗ ಅದನ್ನು ಕಂಡು, ಒಳಗೆ ನೀವಿದ್ದೀರೆಂದು ನನಗೇ ಒಂದು ಗಳಿಗೆ ಅನ್ನಿಸುತ್ತಿತ್ತು. ಇವತ್ತು ಹೊರಗೆ ಇಟ್ಟಿಲ್ಲ.

ಇನ್ನೊಂದು. ಕೊಪ್ಪರಿಗೆಯನ್ನು ಸಭೆಗೆ ಮೊದಲು ಕೆಳಗಿಳಿಸಬೇಕು. ಅಂಗಾರ ಬರುತ್ತೇನೆಂದಿದ್ದ, ನಾನೇ ಬೇಡ ಅಂದೆ. ಅದಕ್ಕೆ ಎರಡು ಕೈಹಿಡಿಗಳಿವೆ, ಒಂದನ್ನು ನಾನು ಹಿಡಿಯುತ್ತೇನೆ. ಮಮ್ಮದ್ ಬ್ಯಾರಿ ಜುಮ್ಮಾ ನಮಾಜು ಮುಗಿಸಿ ವ್ಯಾನ್ ತರುತ್ತಾರೆ. ಶುಕ್ರವಾರ, ಮಧ್ಯಾಹ್ನ ಎರಡು ಗಂಟೆಗೆ.