ತಿಂಗಳ ಮೊದಲ ಭಾನುವಾರ

ಬ್ಯಾಲಿಕಾರ್ನ, ವೆಕ್ಸ್‌ಫರ್ಡ್
ಗುರುವಾರ, ೧೭ ನವೆಂಬರ್ ೧೯೮೮

ಪ್ರೀತಿಯ ತಮ್ಮ ಫಿಂಟನ್,

ಹೇಗಿದ್ದೀಯ? ನಿನ್ನ ಸೊಂಟನೋವು ಹೇಗಿದೆ? ಇಟ್ಟಿಗೆ ಹೊರುವುದು ಬಿಟ್ಟು ಮೇಸ್ತ್ರಿಯಾದ ಮೇಲೆ ಕಡಿಮೆಯಾಗಿದೆ ಎಂದು ಬರೆದಿದ್ದೆ. ಹಾಗೆಯೇ ಇರಲಿ, ಮತ್ತೆ ಏಣಿ ಹತ್ತಿ ಶೌರ್ಯ ತೋರಿಸಲು ಹೋಗಬೇಡ. ಪರ್ತ್‌ನಲ್ಲಿ ನಿಮಗೀಗ ಬೇಸಿಗೆ ಶುರುವಾಗಿರಬೇಕು. ಇಲ್ಲಿ ಹತ್ತು ದಿನದಿಂದ ಕಡಲ ಗಾಳಿ ಬಿಟ್ಟಿಲ್ಲ, ಒಗೆದ ಬಟ್ಟೆ ಒಲೆಯ ಮುಂದೆಯೇ ಒಣಗಬೇಕು. ನನಗೇನೂ ಧಾಡಿಯಿಲ್ಲ. ನಿನ್ನ ಭಾವ ಮೋಸಿಯೂ ಗುಂಡುಕಲ್ಲಿನ ಹಾಗಿದ್ದಾನೆ. ಇವತ್ತು ಮಾಂಸದಂಗಡಿಗೆ ಅರ್ಧ ದಿನ ರಜೆ, ಅವನು ಕ್ಲಬ್ಬಿಗೆ ಹೋಗಿದ್ದಾನೆ. ಮನೆಯಲ್ಲಿ ನಾನೊಬ್ಬಳೇ, ಅದಕ್ಕೇ ಕಾಗದ ಉದ್ದವಾಗುತ್ತದೆ, ಸಹಿಸಿಕೋ.

ಹೌದು, ಕ್ಲಬ್ಬಿಗೆ. ಬಂದರಿನ ಆಚೆ ಗುಡ್ಡದ ಮೇಲಿನ ಕಲ್ಲಿನ ಗೇಟಿನ ಅದೇ ಗಾಲ್ಫ್ ಕ್ಲಬ್ಬಿಗೆ ನಿನ್ನ ಭಾವ ಈಗ ಸದಸ್ಯ. ಇಬ್ಬರು ಹಳೆಯ ಸದಸ್ಯರು ಅವನ ಪರವಾಗಿ ಸಹಿ ಹಾಕಿದರು, ಹೆಸರು ಎರಡು ವಾರ ಅವರ ಹಜಾರದ ಹಲಗೆಯ ಮೇಲೆ ತೂಗಿತು, ಯಾರೂ ಬೇಡವೆನ್ನಲಿಲ್ಲ. ಈಗ ಕತ್ತಿಗೆ ಹಸಿರು ಟೈ ಬಂದಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಗಾದೆಯೇ ಇದೆ, ಪೂರ್ತಿ ಹೇಳುವುದಿಲ್ಲ, ಎಷ್ಟಾದರೂ ಕಟ್ಟಿಕೊಂಡವನು. ಕ್ಲಬ್ಬಿನ ಗಂಡಸರ ಪಂದ್ಯ ಪ್ರತಿ ಭಾನುವಾರ ಬೆಳಿಗ್ಗೆ. ಹಾಗಾಗಿ ತಿಂಗಳ ಮೊದಲ ಭಾನುವಾರ ಅವನು ನಮ್ಮ ಗಾಲ್ಫ್ ಸೊಸೈಟಿಯ ಬಸ್ಸು ಹತ್ತುವುದಿಲ್ಲ. ಅವನ ಹಿಂದೆಯೇ ಬ್ಯಾಂಕಿನವನು, ಔಷಧದಂಗಡಿಯವನು, ಮೇಷ್ಟ್ರು, ಮೂವರೂ ಅರ್ಜಿ ಹಿಡಿದು ಗುಡ್ಡ ಹತ್ತಿದರು.

ಡೆವರೋ ಪಬ್ಬಿನ ಹಿಂದಿನ ಕೋಣೆಯಲ್ಲಿ ನಾನು, ಮೋಸಿ, ನೀನು, ಮೂವರೂ ಕೂತು ಸೊಸೈಟಿ ಕಟ್ಟಿ ಹತ್ತೊಂಬತ್ತು ವರ್ಷವಾಯಿತು. ನಮಗೆ ಸ್ವಂತ ಮೈದಾನವಿಲ್ಲ, ಕಟ್ಟಡವಿಲ್ಲ, ಟೈ ಅಂತೂ ಇಲ್ಲವೇ ಇಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಯಾರದೋ ಮೈದಾನಕ್ಕೆ ಹೋಗುವುದು, ಗಂಡಸು ಹೆಂಗಸು ಎನ್ನದೆ ಒಟ್ಟಿಗೆ ಆಡುವುದು, ಬಿಸಿ ಸೂಪು ಕುಡಿದು ಹಾಡುತ್ತಾ ಬರುವುದು. ಗೆದ್ದವರಿಗೆ ನಮ್ಮಂಗಡಿಯ ಕುರಿಯ ಒಂದು ತೊಡೆ. ವಾರದ ಆರು ದಿನ ಅಂಗಡಿಯಲ್ಲಿ ನಾನೂ ಮೋಸಿಯೂ ಆಡುವ ಮಾತೆಂದರೆ "ಚಾಪ್ಸ್ ಖಾಲಿ", "ಚಾಕು ಮಸೀಬೇಕು", "ಬಾಗಿಲು ಹಾಕ್ಕೋ", ಇಷ್ಟೇ. ಆ ಒಂದು ಭಾನುವಾರ ಮಾತ್ರ ಏಪ್ರನ್ ಬಿಚ್ಚಿ ಗಂಡ ಹೆಂಡತಿಯ ಹಾಗೆ ಜೊತೆಗೆ ನಡೆಯುತ್ತಿದ್ದೆವು. ನನಗೆ ಮಕ್ಕಳಿಲ್ಲ ಫಿಂಟನ್, ಚರ್ಚಿನ ಗುಂಪುಗಳೂ ನನಗಾಗಿಬರುವುದಿಲ್ಲ. ವರ್ಷಕ್ಕೆ ಆ ಹನ್ನೆರಡು ದಿನವೇ ನನ್ನ ಸಂಸಾರ.

ಎಲ್ಲಿ ಕೆಟ್ಟಿತು ಎಂದು ಹೇಳುತ್ತೇನೆ. ಆಟ ಕಡಿಮೆ ಬರುವವರಿಗೆ ಎಷ್ಟೆಷ್ಟು ಏಟು ಬಿಟ್ಟುಕೊಡಬೇಕು ಎಂಬ ಲೆಕ್ಕದ ಪುಸ್ತಕ ಮೊದಲಿನಿಂದಲೂ ನನ್ನ ಕೈಯಲ್ಲಿದೆ, ನಿನಗೆ ಗೊತ್ತು. ಒಂದು ತಿಂಗಳು ಗೆದ್ದವರಿಗೆ ಮುಂದಿನ ತಿಂಗಳು ಆ ರಿಯಾಯಿತಿಯಲ್ಲಿ ಎರಡು ಏಟು ಕಡಿತ, ಅದೂ ಬಸ್ಸಿನಲ್ಲಿ ಎದ್ದು ನಿಂತು ಎಲ್ಲರೆದುರು ಓದಬೇಕು. ಆಗಸ್ಟಿನಲ್ಲಿ ಮೋಸಿ ಗೆದ್ದ. ನಾನು ಎದ್ದು ನಿಂತು ಓದಿದೆ. ಡ್ರೈವರ್ ಟೈಗ್ ಸುಮ್ಮನಿರಬೇಕಲ್ಲ, "ನೋಡ್ರಪ್ಪಾ, ಕಟ್ಕೊಂಡ ಗಂಡನ ಬಾಲಾನೂ ಬಿಡಲ್ಲ ಈಯಮ್ಮ, ಕತ್ತರಿಸೇ ಬಿಟ್ಳು" ಎಂದ. ಇಡೀ ಬಸ್ಸು ನಕ್ಕಿತು, ಎಲ್ಲರಿಗಿಂತ ಜೋರಾಗಿ ಮೋಸಿ ನಕ್ಕ. ಸೆಪ್ಟೆಂಬರಿನಲ್ಲಿ ವರ್ಷದ ಕಪ್ಪಿನ ಆಟ. ಒಂದೇ ಒಂದು ಏಟಿನಲ್ಲಿ ಅವನು ಸೋತ, ನಾನು ಗೆದ್ದೆ. ಆ ಎರಡು ಏಟು ಕಡಿಯದಿದ್ದರೆ ಕಪ್ಪು ಅವನದು. ವಾಪಸು ಬರುವಾಗ ತಲೆನೋವೆಂದು ಡ್ರೈವರ್ ಪಕ್ಕದಲ್ಲಿ ಹೋಗಿ ಕೂತ. ನಾನು ನಂಬಿದೆ, ನಮ್ಮ ಜೊತೆ ಆಡುವ ಬ್ರೀಡ್ ನರ್ಸಿನ ಚೀಲದಿಂದ ಮಾತ್ರೆಯನ್ನೂ ಕೇಳಿ ತಂದುಕೊಟ್ಟೆ. ಹತ್ತೊಂಬತ್ತು ವರ್ಷ ಗಂಡನ ಏಟು ಎಣಿಸಿದವಳಿಗೆ ಅವನ ನಗುವಿನ ಒಳಗೇನಿದೆ ಎಂದು ನೋಡಲು ಬರಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಆ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಟೀ ಕುಡಿಯುತ್ತಾ, "ಕ್ಲಬ್ಬಲ್ಲಿ ಜಾಗ ಖಾಲಿ ಆಗಿದೆಯಂತೆ ಕಣೆ, ನಾನು ಸೇರ್ಕೊಳ್ತೀನಿ" ಎಂದ. ನನ್ನ ಗತಿಯೇನು ಎಂದು ಕೇಳಿದೆ. "ಅಲ್ಲಿ ಹೆಂಗಸರಿಗೆ ಅಂತ ಇರೋದು ಮಂಗಳವಾರ ಒಂದೇ. ಮಂಗಳವಾರ ನಮಗೆ ಮಾಂಸದ ಲಾರಿ ಬರುತ್ತಲ್ಲ" ಎಂದ, ನನಗಾಗಿ ತುಂಬ ಮರುಗುವವನ ಹಾಗೆ. ಆಮೇಲೆ ನಿಧಾನವಾಗಿ, "ಸೊಸೈಟಿ ಅಂದ್ರೆ ಊರೂರು ಅಲೆಯೋ ಮಕ್ಕಳಾಟ. ಐವತ್ತೈದು ಆಯ್ತು ನಂಗೆ. ಇದು ನಮ್ಮ ಮೈದಾನ ಅಂತ ಒಂದು ಬೇಡ್ವಾ?" ಎಂದ. ಆ ಮಾತು ನನ್ನ ಕರುಳಿಗೆ ತಾಗಿತು. ನಮ್ಮ ಮಾವ ಮೂವತ್ತು ವರ್ಷ ಆ ಕ್ಲಬ್ಬಿನ ಅಡುಗೆಮನೆಯ ಹಿಂಬಾಗಿಲಲ್ಲಿ ಟೋಪಿ ತೆಗೆದು ನಿಂತು ಮಾಂಸ ಕೊಟ್ಟವರು. ಮಗನಾದರೂ ಮುಂಬಾಗಿಲಿಂದ ಹೋಗಲಿ ಎಂದುಕೊಂಡೆ. ಮಂಗಳವಾರ ಲಾರಿ ಇಳಿಸಿಕೊಳ್ಳಲು ಬೇರೆ ಯಾರನ್ನಾದರೂ ಗೊತ್ತುಮಾಡಿ, ನಾನೂ ಆ ಮಂಗಳವಾರದ ಹೆಂಗಸಾಗಿ ಸೇರಿಬಿಡಲೇ ಎಂದು ಒಂದು ವಾರ ಯೋಚಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವನ ಜೊತೆ ಒಂದೇ ಹುಲ್ಲಿನ ಮೇಲೆ ಕಾಲಿಟ್ಟರೆ ಸಾಕು ಎನಿಸಿತ್ತು.

ಅಷ್ಟರಲ್ಲಿ ಮಿಸೆಸ್ ರಾಸಿಟರ್ ಅಂಗಡಿಗೆ ಬಂದಳು. ಆಕೆ ಕ್ಲಬ್ಬಿನ ಹೆಂಗಸರ ವಿಭಾಗದ ಕ್ಯಾಪ್ಟನ್, ಕೈಗವಸು ಬಿಚ್ಚದೆಯೇ ಮಾಂಸ ಮುಟ್ಟಿ ನೋಡುವವಳು. ಮೋಸಿ ಹಿಂದೆ ಪಕ್ಕೆಲುಬು ಕಡಿಯುತ್ತಿದ್ದ, ನಾನು ಲಿವರ್ ತೂಗುತ್ತಿದ್ದೆ, ಸಾಲಿನಲ್ಲಿ ಬ್ರೀಡ್ ನರ್ಸ್ ನಿಂತಿದ್ದಳು. "ಮಿಸೆಸ್ ಸಿನ್ನಟ್, ನೀವು ಗಾಲ್ಫ್ ಆಡೋದೇ ಇಲ್ವಂತೆ, ಪಾಪ! ಆಡೋರಾಗಿದ್ರೆ ನಮ್ಮ ಮಂಗಳವಾರಕ್ಕೆ ಕರೀತಿದ್ವಿ" ಎಂದಳು. ಯಾರು ಹೇಳಿದರು ಎಂದು ಕೇಳಿದೆ. "ನಿಮ್ಮ ಯಜಮಾನರ ಅರ್ಜೀಲೇ ಇದೆಯಲ್ಲ. ಪತ್ನಿ ಆಡ್ತಾರಾ ಅನ್ನೋ ಕಡೆ, ಇಲ್ಲ, ಆಸಕ್ತಿ ಇಲ್ಲ ಅಂತ ಬರ್ದಿದಾರೆ." ಹಿಂದಿನಿಂದ ಕತ್ತಿಯ ಸದ್ದು ನಿಂತಿತು. ಬ್ರೀಡ್ ಮಾತ್ರ, "ಹೌದೌದು, ಸೆಪ್ಟೆಂಬರಲ್ಲಿ ಕಪ್ಪು ಗೆದ್ದಿದ್ದು ಇವರ ದೆವ್ವ ಇರ್ಬೇಕು" ಎಂದಳು. ನಾನು ಲಿವರ್ ಕಟ್ಟಿಕೊಟ್ಟೆ. ದಾರದ ಗಂಟು ಬೀಳಲಿಲ್ಲ, ಎರಡು ಸಲ ಕಟ್ಟಬೇಕಾಯಿತು.

ಬಾಗಿಲು ಹಾಕಿದ ಮೇಲೆ ಕೇಳಿದೆ. ಸುಳ್ಳು ಹೇಳುತ್ತಾನೆ, ಮರೆತೆ ಎನ್ನುತ್ತಾನೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೇ ಚೆನ್ನಾಗಿತ್ತು. "ಅಂಗಡೀಲಿ ನೀನು, ಮನೇಲಿ ನೀನು, ಬಸ್ಸಲ್ಲಿ ನೀನು. ನೀನಿಲ್ಲದ ಒಂದು ಜಾಗ ಬೇಕಿತ್ತು ನನಗೆ. ಅಲ್ಲೂ ಬಂದು ಪುಸ್ತಕ ತೆಗೀತಿದ್ದೆ ನೀನು" ಎಂದ. ಆ ಮಾತು ನನ್ನನ್ನು ಸುಟ್ಟಿತು, ಈಗಲೂ ಸುಡುತ್ತಿದೆ. ನನ್ನ ಮುಖ ನೋಡಿ ಮೊದಲೇ ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನನ್ನನ್ನು ಬಿಟ್ಟುಹೋದದ್ದಕ್ಕಲ್ಲ, ನಾನು ಆಡಿಯೇ ಇಲ್ಲ ಎಂದು ಮಸಿಯಲ್ಲಿ ಬರೆದುಕೊಟ್ಟನಲ್ಲ, ಅದಕ್ಕೆ ನನಗೆ ಉರಿ.

ಮಿಸೆಸ್ ರಾಸಿಟರ್‌ಗೆ ಪಾಪಪ್ರಜ್ಞೆ ಕಾಡಿತೋ ಏನೋ, ಮರುವಾರ ಮಂಗಳವಾರದ ಸದಸ್ಯತ್ವದ ಅರ್ಜಿ ಕಳಿಸಿದಳು. ಮತದ ಹಕ್ಕಿಲ್ಲ, ಭಾನುವಾರ ಇಲ್ಲ, ಕೆಳಗೆ ಗಂಡನ ಸಹಿ ಬೇಕು. ನಮ್ಮ ಮನೆಯ ನಾಯಿಗೆ ಲೈಸೆನ್ಸು ತೆಗೆದುಕೊಂಡಾಗಲೂ ಸಹಿ ಹಾಕಿದವಳು ನಾನು! ಮೋಸಿ ಸಹಿ ಹಾಕಿ ಟೀ ಪಾತ್ರೆಯ ಪಕ್ಕ ಇಟ್ಟುಹೋದ. ಮೂಗಿಗೆ ತುಪ್ಪ ಸವರುವುದು ಅಂದರೆ ಇದು. ಆದರೂ ಆ ಕಾಗದ ಹನ್ನೆರಡು ದಿನ ಅಲ್ಲಿಯೇ ಇತ್ತು. ನಾನು ಗುಡ್ಡ ಹತ್ತಿದರೆ ಸೊಸೈಟಿ ಅಲ್ಲಿಗೆ ಮುಗಿಯಿತು. ಹತ್ತದಿದ್ದರೆ ನನಗೂ ಅವನಿಗೂ ಉಳಿಯುವುದು ಆ ಚಾಪ್ಸ್ ಮತ್ತು ಚಾಕು.

ಈ ತಿಂಗಳ ಮೊದಲ ಭಾನುವಾರ ಹನ್ನೊಂದು ಜನ ಬಸ್ಸು ಹತ್ತಿದೆವು. ಹದಿನಾರಕ್ಕಿಂತ ಕಡಿಮೆ ಇದ್ದರೆ ಗುಂಪೆಂದು ಯಾವ ಮೈದಾನದವರೂ ಎಣಿಸುವುದಿಲ್ಲ, ಮಧ್ಯಾಹ್ನ ಒಂದರವರೆಗೆ ನಮ್ಮನ್ನು ಗೇಟಿನಲ್ಲೇ ಕಾಯಿಸಿದರು. ನವೆಂಬರಿನ ಬೆಳಕು ಎಷ್ಟಿರುತ್ತದೆಂದು ನಿನಗೆ ಗೊತ್ತಲ್ಲ. ಹದಿನೈದನೆಯ ಕುಳಿಗೆ ಬರುವಷ್ಟರಲ್ಲಿ ಚೆಂಡು ಕಾಣದೆ ಆಟ ನಿಲ್ಲಿಸಿದೆವು. ಅಷ್ಟರಲ್ಲಿ ನಾನೇ ಮುಂದಿದ್ದೆ. ಬೆಳಿಗ್ಗೆ ನಾನೇ ಕಾಗದ ಸುತ್ತಿ ಕಟ್ಟಿದ ಕುರಿತೊಡೆಯನ್ನು ಸಂಜೆ ನಾನೇ ಗೆದ್ದು ತಂದು ಬೇಯಿಸಿದೆ. ಮೋಸಿ ಟೈ ಸಡಿಲಿಸಿ ಕೂತು ಎರಡು ಸಲ ಬಡಿಸಿಕೊಂಡು ತಿಂದ. "ಎಷ್ಟ್ ಜನ ಬಂದಿದ್ರು?" ಎಂದ. ಹನ್ನೊಂದು ಎಂದೆ. "ಛೆ" ಎಂದ. ಯಾರು ಗೆದ್ದರು ಎಂದು ಕೇಳಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಉಂಡೆವು, ಮಲಗಿದೆವು, ಜಗಳ ಮಾತ್ರ ಬೆಳಿಗ್ಗೆ ನಮಗಿಂತ ಮೊದಲೇ ಎದ್ದು ಕೂತಿತ್ತು.

ಆ ಸೋಮವಾರ ಅರ್ಜಿ ಹರಿದು ಒಲೆಗೆ ಹಾಕಿದೆ. ನನ್ನ ಆಯ್ಕೆ ಅದು, ಸರಿಯೋ ತಪ್ಪೋ ಕಾಣೆ. ಬ್ರೀಡ್ ತನ್ನ ಆಸ್ಪತ್ರೆಯ ಇಬ್ಬರನ್ನು ಕರೆತರುತ್ತಾಳೆ, ಟೈಗ್ ತನ್ನ ಹೆಂಡತಿಯನ್ನು. ಮೀನಿನ ಕಾರ್ಖಾನೆಯ ಇಬ್ಬರು ಹುಡುಗಿಯರಿಗೆ ಕಡಲು ಇಳಿದಾಗ ಮರಳಿನ ಮೇಲೆ ನಾನೇ ಹೊಡೆಯಲು ಕಲಿಸುತ್ತಿದ್ದೇನೆ. ಅಲ್ಲಿಗೆ ಹದಿನಾರು. ಸೊಸೈಟಿ ಉಳಿಯುತ್ತದೆ. ನನ್ನ ಸಂಸಾರದ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಇನ್ನು ಬರೆದರೆ ದೀಪ ಹಚ್ಚಬೇಕು. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಮುತ್ತುಗಳು. ದೇವರು ನಿಮ್ಮ ಮನೆಯ ಮೇಲೆ ಒಂದು ಕಣ್ಣಿಟ್ಟಿರಲಿ, ಇನ್ನೊಂದು ಕಣ್ಣು ನಮಗಿರಲಿ.

ಇತಿ ನಿನ್ನ ಅಕ್ಕ,
ನೋರೀನ್

ವಿ.ಸೂ.: ಇದನ್ನು ಬರೆಯಬಾರದೆಂದು ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೊನ್ನೆ ಸೋಮವಾರ ಮೋಸಿಯ ಕೋಟನ್ನು ಒಗೆಯಲು ಕೊಡುವಾಗ ಜೇಬಿನಲ್ಲಿ ನೀನು ಅವನಿಗೆ ಬರೆದ ನೀಲಿ ಕಾಗದ ಸಿಕ್ಕಿತು. ಸೆಪ್ಟೆಂಬರ್ ಇಪ್ಪತ್ತರದು. "ಅಕ್ಕ ಆಡಲ್ಲ ಅಂತ ಬರ್ದುಬಿಡು ಭಾವ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅವಳಿಗೆ ಗೊತ್ತಾಗೋದಾದ್ರೂ ಹೇಗೆ?" ಗೊತ್ತಾಯಿತು ಫಿಂಟನ್. ಗಂಡನಿಗೆ ಸೋತ ಉರಿ ಇತ್ತು, ನಿನಗೇನಿತ್ತು? ಮೇ ತಿಂಗಳಲ್ಲಿ ಬಂದಾಗ ಸೊಸೈಟಿಯವರ ಜೊತೆ ಒಂದು ಭಾನುವಾರ ಆಡಬೇಕೆಂದು ಬರೆದಿದ್ದೀ. ಬಾ, ಮನೆ ನಿನ್ನದೇ, ಹಾಸಿಗೆ ಹಾಸಿರುತ್ತೇನೆ. ಭಾನುವಾರ ಮಾತ್ರ ನಿನ್ನ ಭಾವನ ಅತಿಥಿಯಾಗಿ ಕ್ಲಬ್ಬಿಗೆ ಹೋಗು. ನಮ್ಮ ಬಸ್ಸಿನಲ್ಲಿ ನಿನಗೆ ಜಾಗವಿಲ್ಲ.