ಚಹಾಕ್ಕ ಕರದು ಕೊಟ್ಟ ವಿಳಾಸ

ಅಪ್ಪಾ,

ನಾ ಸಾಲಿಗೆ ಹೊಂಟೇನಿ. ವಾಕಿಂಗ್ ಮುಗಿಸಿ ಬಂದ ಕೂಡಲೇ ಚಿಲಕ ಹಾಕ್ಕೋರಿ. ಯಾರು ಬೆಲ್ ಮಾಡಿದ್ರೂ ತೆಗೀಬ್ಯಾಡ್ರಿ.

ಮೊಬೈಲ್‌ನಾಗ ಆ ಜಾತಿ ಸಿನಿಮಾದ ಚರ್ಚಾದಾಗ, ನಮ್ಮೂರು ಸುಳ್ಳದಾಗ ಮ್ಯಾಲಿನ ಜಾತಿಯವರು ನಿಮ್ಮ ಮದುವಿ ಮೆರವಣಿಗಿ ತಡದಿದ್ದನ್ನ ಬರದ್ರಿ, ಛಲೋ ಆತು. ಬೈದವರಿಗೆಲ್ಲ ‘ರಿ’ ಹಚ್ಚಿ ಉತ್ತರ ಕೊಟ್ರಿ, ಅದೂ ಇರ್ಲಿ. ‘ಮನಿಗೆ ಬರ್ರಿ, ಚಹಾ ಕುಡಕೋತ ಮಾತಾಡೋಣು’ ಅಂತ ನವನಗರದ ಈ ಮನಿ ವಿಳಾಸ ಯಾಕ ಹಾಕಿದ್ರಿ? ನಾ ಅಳಿಸೇನಿ. ಅಷ್ಟರಾಗ ಅದರ ಫೋಟೋ ನೂರು ಕಡೆ ಹೋಗೇತಿ. ಗೇಟಿನ ಮ್ಯಾಲಿನ ನಿಮ್ಮ ಹೆಸರಿನ ಫಲಕ ಬಿಚ್ಚಿ ಕಪಾಟಿನಾಗ ಇಟ್ಟೇನಿ. ಸಿಟ್ಟಾಗಬ್ಯಾಡ್ರಿ.

ಉಪ್ಪಿಟ್ಟು ಡಬ್ಬ್ಯಾಗ ಐತಿ. ಬಿಪಿ ಗುಳಿಗಿ ಮರೀಬ್ಯಾಡ್ರಿ.

ನಿಮ್ಮ ಪರ ಯಾರರ ಬರದಾರೇನು ಅಂತ ಮತ್ತ ಮತ್ತ ಮೊಬೈಲ್ ನೋಡಬ್ಯಾಡ್ರಿ. ನಿಮ್ಮ ಕೈಯಾಗ ಕಲತವರು ಎಷ್ಟೋ ಮಂದಿ ಓದ್ಯಾರ. ಒಬ್ಬರೂ ಒಂದು ಸಾಲು ಬರದಿಲ್ಲ.

ನಾನೂ ಬರೀಲಿಲ್ಲ, ಅಪ್ಪಾ.

ಕರುಣಾ