ಹಿಂಬದಿಯ ಲಂಗರು

ಎವಾನ್ಸ್‌ವಿಲ್, ಇಂಡಿಯಾನಾ
ಸೆಪ್ಟೆಂಬರ್, ೧೯೫೭

ಕ್ಯಾಪ್ಟನ್ ಹಾಲ್ಕಮ್ ಅವರೇ,

ನೀವು ಬರೆದು ಕಳಿಸಿದ ನಮ್ಮ ಹಡಗಿನ ಚರಿತ್ರೆ ತಲುಪಿತು. ಮುಂದಿನ ತಿಂಗಳು ಈ ಊರಲ್ಲಿ ನಡೆಯುವ ನಮ್ಮ ನಾವಿಕರ ಕೂಟದಲ್ಲಿ ಅದನ್ನು ನಾನೇ ಗಟ್ಟಿಯಾಗಿ ಓದಬೇಕಂತೆ. ‘ಹಡಗಿನ ದನಿ ನೀನೇ ಅಲ್ಲವೇ ಪಿಕೆಟ್’ ಎಂದು ಬೆಣ್ಣೆ ಬೇರೆ ಹಚ್ಚಿದ್ದೀರಿ. ಓದಿದೆ. ಮೈಯೆಲ್ಲ ಉರಿದುಹೋಯಿತು. ಮರ್ಯಾದೆಯ ಮಾತು ಹುಡುಕುವ ತಾಳ್ಮೆ ನನಗಿಲ್ಲ, ಬಾಯಿಗೆ ಬಂದದ್ದನ್ನೇ ಬರೆಯುತ್ತೇನೆ.

ಮೊದಲ ಪುಟಗಳು ಚೆನ್ನಾಗಿವೆ, ಇಲ್ಲವೆನ್ನಲಾರೆ. ಇದೇ ಊರಿನ ನದಿ ದಂಡೆಯಲ್ಲಿ ಹೆಂಗಸರು ಬೆಸುಗೆ ಹಾಕಿ ಕಟ್ಟಿದ, ಹೆಸರೂ ಇಲ್ಲದ, ಬರೀ ನಂಬರಿನ, ಯುದ್ಧದ ಟ್ಯಾಂಕು ಸಾಗಿಸುವ ಹಡಗು. ಮಗ್ಗುಲಾಗಿ ಓಹಿಯೋ ನದಿಗೆ ಜಾರಿ, ಮಿಸಿಸಿಪ್ಪಿ ಇಳಿದು, ಪನಾಮಾ ದಾಟಿ ಪೆಸಿಫಿಕ್ ಸೇರಿತು. ಹೊಟ್ಟೆ ತುಂಬ ಟ್ಯಾಂಕು ಹೊತ್ತು ಹೋಗಿ ಮರಳಿಗೇ ಮೂತಿ ಗುದ್ದಿ ನಿಲ್ಲುವುದು, ಬಾಗಿಲು ತೆರೆದು ಇಳಿಸುವುದು, ಬರುವಾಗ ಗಾಯಾಳುಗಳನ್ನು ತುಂಬಿಕೊಂಡು ಬರುವುದು. ಚಪ್ಪಟೆ ತಳದ ಆ ದರಿದ್ರದ್ದು ಸಣ್ಣ ಅಲೆಗೂ ಹೊರಳಾಡಿ ನಮ್ಮ ಕರುಳನ್ನೇ ಬಾಯಿಗೆ ತರುತ್ತಿತ್ತು. ನೆನೆದು ನಕ್ಕೆ ಕೂಡ.

ಆಮೇಲೆ ಲೂಜಾನ್ ದ್ವೀಪದ ದಂಡೆಯ ಪುಟ ಬಂತು. ‘ಹಿಂಬದಿಯ ಲಂಗರಿನ ಹೊಣೆ ಹೊತ್ತಿದ್ದ ಓರಿನ್ ಸ್ಟ್ರೌಡನ ಅಲಕ್ಷ್ಯದಿಂದ ಹಡಗು ದಡದಲ್ಲೇ ಸಿಕ್ಕಿಬಿದ್ದು, ಇಬ್ಬರು ನಾವಿಕರು ಪ್ರಾಣ ಕಳೆದುಕೊಂಡರು.’ ಅಲಕ್ಷ್ಯ! ಯಾರದು ಸ್ವಾಮಿ?

ದಡಕ್ಕೆ ನುಗ್ಗುವಾಗ ಹಿಂದೆ ದೂರದಲ್ಲೇ ಲಂಗರು ಬಿಟ್ಟು ಹೋಗಬೇಕು, ವಾಪಸಾಗುವಾಗ ಅದರ ತಂತಿಹಗ್ಗ ಜಗ್ಗಿಕೊಂಡೇ ಮರಳಿನಿಂದ ಬಿಡಿಸಿಕೊಳ್ಳಬೇಕು. ನಮ್ಮ ಅಡಿಗೆಯವನಿಗೂ ಗೊತ್ತಿದ್ದ ವಿಷಯ. ಹಿಂದಿನ ದ್ವೀಪದಲ್ಲಿ ನೀವು ಲಂಗರನ್ನು ತೀರ ಬೇಗ ನೀರಿಗೆ ಬಿಡಿಸಿದಿರಿ. ದಡ ಮುಟ್ಟುವ ಮೊದಲೇ ಹಗ್ಗ ಮುಗಿದು ಲಂಗರು ಸಮುದ್ರದ ಪಾಲಾಯಿತು. ಪಕ್ಕದ ಹಡಗಿನವರು ಕೇಕೆ ಹಾಕಿ ನಕ್ಕರು. ಆ ನಗು ನಿಮಗೆ ಅರಗಲೇ ಇಲ್ಲ.

ಲೂಜಾನಿನಲ್ಲಿ ನಾನು ಓರಿನ್ ಪಕ್ಕದಲ್ಲೇ ಕಿವಿಗೆ ಟೆಲಿಫೋನು ಕಟ್ಟಿಕೊಂಡು ನಿಂತಿದ್ದೆ. ನೀವು ಮೇಲಿನಿಂದ ಹೇಳಿದ್ದನ್ನು ಅವನಿಗೆ, ಅವನು ಹೇಳಿದ್ದನ್ನು ನಿಮಗೆ ಇದ್ದದ್ದು ಇದ್ದ ಹಾಗೆ ಒಪ್ಪಿಸುವುದೇ ನನ್ನ ಕೆಲಸ. ‘ಈಗ ಬಿಡ್ಬೇಕು ಅಂತ ಹೇಳೋ’ ಅಂದ ಓರಿನ್. ಹೇಳಿದೆ. ‘ತಡಿ’ ಅಂದಿರಿ. ದಂಡೆಯ ತೆಂಗಿನಮರಗಳು ಕಣ್ಣೆದುರಿಗೇ ಬಂದವು. ‘ಲೋ ಪಿಕೆಟ್, ಸಾಯ್ತೀವಿ ಕಣೋ! ಬಿಡ್ಲಾ ಅಂತ ಕೇಳೋ!’ ಕೇಳಿದೆ. ‘ಹೇಳಿದಷ್ಟು ಮಾಡು ಅನ್ನು ಆ ಹಳ್ಳಿ ಗಮಾರನಿಗೆ. ಇನ್ನೊಂದು ಲಂಗರು ಕಳ್ಕೊಂಡು ನಗೆಪಾಟಲಾಗೋಕೆ ನಾನು ತಯಾರಿಲ್ಲ’ ಅಂದಿರಿ. ಹಾಗೇ ಒಪ್ಪಿಸಿದೆ, ಗಮಾರನನ್ನೂ ಸೇರಿಸಿ.

ನೀವು ಬಿಡು ಅಂದಾಗ ಮೂತಿ ಮರಳಿಗೆ ತಾಗುವುದರಲ್ಲಿತ್ತು. ಲಂಗರು ನಮ್ಮ ಬಾಲದ ಬುಡದಲ್ಲೇ ಬಿತ್ತು. ಜಗ್ಗಿದರೆ ಹಡಗು ಕದಲಲಿಲ್ಲ, ಲಂಗರೇ ಕಿತ್ತುಕೊಂಡು ಬಂತು. ಅಷ್ಟರಲ್ಲಿ ಸಮುದ್ರದ ಇಳಿತ ಶುರುವಾಗಿ ನೀರೂ ಇಳಿಯಿತು. ಗುಡ್ಡದ ಮೇಲಿನ ಶತ್ರುಗಳ ಫಿರಂಗಿಗೆ ನಾವು ಕಾಲು ಕಟ್ಟಿದ ಕೋಳಿಗಳಾದೆವು. ಇಬ್ಬರು ಹುಡುಗರು ಹೋದರು. ನನ್ನ ತೊಡೆಗೆ ಗುಂಡಿನ ಚೂರು ಹೊಕ್ಕು ಆಸ್ಪತ್ರೆಗೆ ಸಾಗಿಸಿದರು. ವಿಚಾರಣೆ ನಾನಿಲ್ಲದಾಗ ಮುಗಿಯಿತು. ಮಲಗಿದ್ದಲ್ಲಿಂದಲೇ ನಿಜ ಬರೆದು ಕಳಿಸಿದರೆ ‘ತೀರ್ಮಾನವಾಗಿದೆ’ ಎಂದರು. ಅಷ್ಟರಲ್ಲಿ ಓರಿನ್ ತೋಳಿನ ದರ್ಜೆಯ ಪಟ್ಟಿ ಕಿತ್ತುಹಾಕಿದ್ದರು.

ಇಷ್ಟು ವರ್ಷ ಅವನು ಒಂದು ಕೂಟಕ್ಕೂ ಬಂದಿಲ್ಲ. ಸತ್ತ ಹುಡುಗರ ತಾಯಂದಿರು ಬರುತ್ತಾರಲ್ಲ, ಅವರಿಗೆ ಹೇಗೆ ಮುಖ ತೋರಿಸಲಿ ಅನ್ನುತ್ತಾನೆ. ನೀವೋ, ಪ್ರತಿ ಸಲ ಅದೇ ತಾಯಂದಿರ ಕೈ ಹಿಡಿದು ಫೋಟೋ ತೆಗೆಸಿಕೊಂಡಿರಿ. ನಾಚಿಕೆ ಅನ್ನುವುದು ಬೇಡವೇ?

ಭಾನುವಾರ ಚರ್ಚು ಬಿಟ್ಟ ಮೇಲೆ ಅವನ ಮನೆಗೆ ಹೋಗಿ ಆ ಪುಟ ಓದಿ ಹೇಳಿದೆ. ಅವನ ಹೆಂಡತಿ ಲಿಯೋರಾ ಆಲೂಗಡ್ಡೆ ಬಡಿಸುತ್ತಿದ್ದ ಸೌಟನ್ನು ಟೇಬಲ್ಲಿಗೆ ಕುಕ್ಕಿದಳು. ‘ಎರಡು ಸಾವನ್ನೂ ಇವ್ರ ತಲೆಗೇ ಕಟ್ತಾನಾ? ಬರ್ಲಿ ಆ ಮನುಷ್ಯ ಈ ಊರಿಗೆ!’ ಓದಲಾರೆ ಎಂದು ಬರೆದುಬಿಡುತ್ತೇನೆ ಅಂದೆ. ಓರಿನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅಂದ: ‘ನೀನು ಓದ್ಬೇಡ ಕಣೋ. ನಾನು ಓದ್ತೀನಿ. ಆ ಪುಟಾನೂ ಬಿಡಲ್ಲ. ಕ್ಯಾಪ್ಟನ್ ಮುಖ ನೋಡ್ಕೊಂಡೇ ಓದ್ತೀನಿ.’

ಹಾಗಾಗಿ ಕೂಟದಲ್ಲಿ ನಿಮ್ಮ ಚರಿತ್ರೆ ಓದುವವನು ಓರಿನ್ ಸ್ಟ್ರೌಡ್. ಆ ಇಬ್ಬರು ತಾಯಂದಿರು ಎಂದಿನಂತೆ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ತನ್ನ ಹೆಸರಿರುವ ಸಾಲು ಓದಿ ಮುಗಿಸಿ ಅವನು ನಿಮ್ಮನ್ನು ನೋಡುತ್ತಾನೆ. ಆಗ ನೀವೇ ಎದ್ದು ನಿಂತು ನಿಜ ಹೇಳಿದರೆ ಸರಿ. ಇಲ್ಲವೋ, ನಾನು ಏಳುತ್ತೇನೆ.

ಅಲ್ಲಿಯವರೆಗೆ ದೇವರು ನಿಮಗೆ ಒಳ್ಳೆಯ ಆರೋಗ್ಯ ಕೊಡಲಿ, ಕಾಯಿಲೆಯ ನೆಪ ಹೇಳಿ ತಪ್ಪಿಸಿಕೊಳ್ಳಲಾಗದಷ್ಟು ಕೊಡಲಿ.

ಇಂತಿ,
ಆರ್ಲಿಸ್ ಪಿಕೆಟ್